ತೊಂಬತ್ತು ನಂಬರಿನ ಆಟ

ಕೆಲವು ಆಟಗಳಿಗೆ ಬುದ್ಧಿ ಬೇಕು, ಕೆಲವಕ್ಕೆ ಮೈಯಲ್ಲಿ ಕಸುವು ಬೇಕು. ಹೌಸಿಗೆ ಎರಡೂ ಬೇಡ. ಒಂದು ಜೊತೆ ಕಿವಿ, ನೂರರ ಒಳಗಿನ ಅಂಕಿ ಗುರುತಿಸುವಷ್ಟು ಅಕ್ಷರ, ಪಕ್ಕದವಳಿಗೆ ಮೊದಲು ಬಹುಮಾನ ಬಂದರೆ ಸಹಿಸಿಕೊಳ್ಳುವಷ್ಟು ದೊಡ್ಡ ಮನಸ್ಸು ಇದ್ದರೆ ಸಾಕು. ಈ ಮೂರರಲ್ಲಿ ಕೊನೆಯದೇ ಸ್ವಲ್ಪ ಕಷ್ಟ. ಇದನ್ನು ಕೆಲವರು ತಂಬೋಲಾ ಎನ್ನುತ್ತಾರೆ, ಪರದೇಶದವರು ಬಿಂಗೊ ಎನ್ನುತ್ತಾರೆ. ಅಥಣಿ ತಾಲೂಕಿನ ನಮ್ಮ ಐಗಳಿಯಲ್ಲಿ ಮಾತ್ರ ಅದು ಮೊದಲಿನಿಂದಲೂ ಹೌಸಿಯೇ.

ಆಡದವರಿಗಾಗಿ ಹೇಳಿಬಿಡುತ್ತೇನೆ. ಚೀಟಿಯಲ್ಲಿ ಅಡ್ಡಕ್ಕೆ ಮೂರು ಸಾಲು, ಸಾಲಿಗೆ ಒಂಬತ್ತು ಮನೆ, ಒಟ್ಟು 27. ಸಾಲಿಗೆ ಐದರಂತೆ 15 ಮನೆಗಳಲ್ಲಿ ಅಂಕಿ ಇರುತ್ತವೆ, 12 ಮನೆ ಖಾಲಿ. ಎಡದ ತುದಿಯಲ್ಲಿ 1ರಿಂದ 9, ಅದರ ಪಕ್ಕ 10ರಿಂದ 19, ಹೀಗೆ ಸರಿಯುತ್ತ ಬಲದ ತುದಿಯಲ್ಲಿ 80ರಿಂದ 90. ಒಬ್ಬಳು ಚೀಲದಲ್ಲಿ ಕೈ ಹಾಕಿ ಒಂದೊಂದೇ ಬಿಲ್ಲೆ ತೆಗೆದು ಕೂಗುತ್ತಾಳೆ, ಉಳಿದವರು ತಮ್ಮ ಚೀಟಿಯಲ್ಲಿ ಅದಿದ್ದರೆ ಗುರುತು ಮಾಡುತ್ತಾರೆ. ಇಪ್ಪತ್ತು ಜನ ಹತ್ತು ಹತ್ತು ರೂಪಾಯಿ ಹಾಕಿದರೆ ಇನ್ನೂರು. ಅದರಲ್ಲಿ ಮೊದಲು ಯಾವವೇ ಐದು ಅಂಕಿ ಬಂದವಳಿಗೆ ಇಪ್ಪತ್ತು, ನಾಲ್ಕು ಮೂಲೆಗೆ ಇಪ್ಪತ್ತು, ಮೇಲಿನ, ನಡುವಿನ, ಕೆಳಗಿನ ಸಾಲಿಗೆ ಮೂವತ್ತು ಮೂವತ್ತು, ಪೂರ್ತಿ ಹದಿನೈದೂ ಬಂದವಳಿಗೆ, ಅಂದರೆ ಫುಲ್ ಹೌಸಿಗೆ, ಉಳಿದ ಎಪ್ಪತ್ತು. ಮುಂದಿನ ಅಂಕಿ ಕೂಗುವುದರೊಳಗೆ ಬಾಯಿ ಬಿಟ್ಟು ಹೇಳಬೇಕು. ಅವಸರ ಮಾಡಿ ತಪ್ಪು ಹೇಳಿದರೆ ಆ ಚೀಟಿ ಅಲ್ಲಿಗೇ ಸತ್ತಂತೆ.

ನಮ್ಮ ಓಣಿಗೆ ಇದನ್ನು ತಂದವರು ಮಿಲಿಟರಿಯಿಂದ ನಿವೃತ್ತರಾಗಿ ಊರಿಗೆ ಬಂದವರೊಬ್ಬರ ಹೆಂಡತಿ. ಅದು ಸಹಜವೂ ಹೌದು. ಬ್ರಿಟಿಷರ ಸೈನ್ಯದಲ್ಲಿ ಸಿಪಾಯಿಗಳಿಗೆ ಹಣ ಕಟ್ಟಿ ಆಡಲು ಅನುಮತಿಯಿದ್ದ ಆಟವೆಂದರೆ ಇದೇ. ‘ಹೌಸ್’ ಎಂಬ ಹೆಸರು ಅಲ್ಲಿಯದು. ಅವರು ಹೋದರೂ ಆಟ ಇಲ್ಲಿಯ ಛಾವಣಿಗಳಲ್ಲಿ, ಕ್ಲಬ್ಬುಗಳಲ್ಲಿ ಉಳಿಯಿತು. ಅಲ್ಲಿಂದ ಹೆಂಗಸರ ಕಿಟ್ಟಿ ಪಾರ್ಟಿಗೆ, ನಮ್ಮಲ್ಲಿ ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಬಂತು. ಆ ಬಾಯಿಯವರು ತಂದದ್ದು ರಟ್ಟಿನ ಚೀಟಿಗಳು. ಪೆನ್ನಿನಿಂದ ಗೀಚುವಂತಿರಲಿಲ್ಲ, ಅಂಕಿಯ ಮೇಲೆ ಏನಾದರೂ ಇಡಬೇಕಿತ್ತು. ದ್ರಾಕ್ಷಿ ಬೆಳೆಯುವ ಸೀಮೆ ನಮ್ಮದು, ಮನೆಯಲ್ಲಿ ಮಣೂಕಕ್ಕೆ ಬರವಿಲ್ಲ. ಅದನ್ನೇ ಇಟ್ಟೆವು. ಆದರೆ ಸೋಲುವ ಲಕ್ಷಣ ಕಂಡವರು ಗುರುತನ್ನೇ ತಿಂದುಬಿಡತೊಡಗಿದ್ದರಿಂದ ಮರುವರ್ಷದಿಂದ ಹುಣಸೆಬೀಜಕ್ಕೆ ಇಳಿದೆವು.

ಗುರುತಿಗೆ ಮನೆಯಲ್ಲಿದ್ದ ಕಾಳುಕಡಿ ಇಡುವುದು ನಮ್ಮದೊಂದೇ ಪದ್ಧತಿಯಲ್ಲ. ಅಮೆರಿಕದಲ್ಲಿ ಅವರೆಯಂಥ ಕಾಳು ಇಟ್ಟು ಆಡುತ್ತಿದ್ದುದರಿಂದ ಅದಕ್ಕೆ ‘ಬೀನೊ’ ಎಂಬ ಹೆಸರಿತ್ತು. 1929ರಲ್ಲಿ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿ ಅದನ್ನು ಜಾರ್ಜಿಯಾದ ಒಂದು ಜಾತ್ರೆಯಲ್ಲಿ ಕಂಡು, ‘ಬಿಂಗೊ’ ಎಂದು ಹೆಸರಿಟ್ಟು ಮಾರಿದ. ಅವರದು ಐದೈದು ಮನೆಯ ಚೌಕ, ಅಂಕಿ 75ರವರೆಗೆ ಮಾತ್ರ, ನಟ್ಟನಡುವಿನ ಮನೆ ಎಲ್ಲರಿಗೂ ಪುಕ್ಕಟೆ. ಅಡ್ಡ, ಉದ್ದ, ಓರೆ ಹೇಗಾದರೂ ಐದು ಕೂಡಿದರೆ ಗೆಲುವು. ಅಲ್ಲಿ ಚರ್ಚುಗಳೂ ಇದನ್ನು ಆಡಿಸಿ ಚಂದಾ ಕೂಡಿಸಿದವು. ಮೆಕ್ಸಿಕೊದವರಿಗೆ ಅಂಕಿಯೇ ಬೇಡ. 54 ಚಿತ್ರಗಳ ಎಲೆಗಳಿರುತ್ತವೆ. ಕೂಗುವವನು ಹುಂಜ, ಚಂದ್ರ, ಏಣಿ ಎಂದು ಚಿತ್ರದ ಹೆಸರು ಹೇಳುತ್ತಾನೆ. ಅಕ್ಷರ ಬಾರದ ಅಜ್ಜಿಯೂ ಮೊಮ್ಮಗುವಿನ ಜೊತೆ ಆಡಬಹುದು. ಜಪಾನಿನವರು ವರ್ಷದ ಕೊನೆಯ ಕೂಟಗಳಲ್ಲಿ ಆಡುತ್ತಾರೆ. ಒಂದೇ ಮನೆ ಬಾಕಿ ಉಳಿದವರು ‘ರೀಚ್’ ಎಂದು ಮೊದಲೇ ಕೂಗಿ ಹೇಳುತ್ತಾರಂತೆ. ನಮ್ಮಲ್ಲಿ ಒಂದೇ ಬಾಕಿ ಇದ್ದವಳು ಚೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ.

ತಂಬೋಲಾ ಎಂಬ ಹೆಸರು ಇಟಲಿಯದು. 1734ರ ಸುಮಾರಿಗೆ ನೇಪಲ್ಸಿನ ರಾಜನಿಗೂ ಒಬ್ಬ ಪಾದ್ರಿಗೂ ಲಾಟರಿಯ ವಿಷಯವಾಗಿ ಜಗಳವಾಯಿತಂತೆ. ಕ್ರಿಸ್‌ಮಸ್ ವಾರದಲ್ಲಾದರೂ ಲಾಟರಿ ನಿಲ್ಲಲಿ ಎಂಬಲ್ಲಿಗೆ ರಾಜಿಯಾಯಿತು. ಜನ ಮಾತ್ರ ನಿಲ್ಲಲಿಲ್ಲ, ಬುಟ್ಟಿಯಲ್ಲಿ 90 ಅಂಕಿ ಹಾಕಿಕೊಂಡು ಮನೆಮನೆಯಲ್ಲಿ ಆಡತೊಡಗಿದರು ಎಂದು ಕಥೆ. ಅಲ್ಲಿ ಒಂದೊಂದು ಅಂಕಿಗೂ ಒಂದೊಂದು ಅರ್ಥವಿದೆ. 22 ಹುಚ್ಚ, 47 ಸತ್ತವನು, 48 ಮಾತಾಡುವ ಸತ್ತವನು, 90 ಅಂಜಿಕೆ.

ಅಂಕಿಗೆ ಹೆಸರಿಡುವ ಚಾಳಿ ಇಂಗ್ಲಿಷರಿಗೂ ಇದೆ. ಎರಡು ಕಾಲಿನಂತೆ ಕಾಣುವ 11 ಅವರಿಗೆ ‘ಕಾಲುಗಳು’, 22 ಎರಡು ಬಾತುಕೋಳಿ, 88 ಇಬ್ಬರು ದಪ್ಪ ಹೆಂಗಸರು. ಮಿಲಿಟರಿಯವರ ಹೆಂಡತಿ ಇದನ್ನು ಹೇಳಿಕೊಟ್ಟಾಗ ನಮ್ಮಲ್ಲಿ ಕೆಲವರು ತಮ್ಮನ್ನೇ ಅಂದರೆಂದು ಮುಖ ಊದಿಸಿಕೊಂಡರು. ಆಮೇಲೆ ನಾವೇ ಹೆಸರು ಕಟ್ಟಿದೆವು. 5 ಪಾಂಡವರು, 9 ನವಗ್ರಹ, 18 ಪುರಾಣ, 27 ನಕ್ಷತ್ರ, 60 ಸಂವತ್ಸರ, 63 ಪುರಾತನರು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹೀಗಾಗಿ 56 ಬಂದರೆ ‘ಗಡಿ ಹಾಕಿದ ವರ್ಷ’. ಮರಾಠಿ ಮನೆಮಾತಿನವರೂ ನಮ್ಮೊಡನೆ ಕೂಡುತ್ತಿದ್ದುದರಿಂದ ಐವತ್ತಾರು ಎಂದ ಬೆನ್ನಿಗೇ ಛಪ್ಪನ್ನ ಎಂದೂ ಕೂಗಬೇಕಿತ್ತು. ಇನ್ನು 88 ಬಂದರೆ: “ಕೊಡದ ಮ್ಯಾಲ ಕೊಡ, ಇಬ್ಬರು ನೀರಿಗೆ ಹೊಂಟಾರ!” ಬೇಸಿಗೆಯಲ್ಲಿ ನೀರಿಗೆ ಅಲೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಂಡಸರ ತಕರಾರು ಬಂದೇ ಬಂತು. “ಇದೂ ಓಸಿಯ ತಂಗೀನ ಅಲ್ಲೇನು?” ಎಂದರು ನಮ್ಮ ಮೈದುನ. ಓಸಿ, ಮಟಕಾ ಎಂದು ಅಂಕಿಯ ಮೇಲೆ ಹಣ ಕಟ್ಟಿ ಹೊಲಮನೆ ಕಳೆದುಕೊಂಡವರನ್ನು ಕಂಡ ಸೀಮೆ ನಮ್ಮದು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಎರಡರಲ್ಲೂ ನಡೆಯುವುದು ದೈವವೇ. ಆದರೆ ಓಸಿಯಲ್ಲಿ ಹಣ ಹಿಡಿದು ಕೂತವನಿಗೆ ಲಾಭ. ಇಲ್ಲಿ ಕೂಡಿದ ಇನ್ನೂರೂ ಅದೇ ಜಮಖಾನೆಯ ಮೇಲೆ ಮರಳಿ ಹಂಚಿಹೋಗುತ್ತದೆ. ಒಬ್ಬಳಿಗೆ ಎರಡಕ್ಕಿಂತ ಹೆಚ್ಚು ಚೀಟಿ ಇಲ್ಲ, ಉದ್ರಿಯಂತೂ ಇಲ್ಲವೇ ಇಲ್ಲ ಎಂದು ನಾವು ಮೊದಲೇ ಕಟ್ಟು ಮಾಡಿಕೊಂಡಿದ್ದೆವು.

ನನಗೆ ಈ ಆಟದ ಬೆಲೆ ತಿಳಿದದ್ದು ಹಣದಿಂದಲ್ಲ, ನಮ್ಮ ಹಿರಿಯ ನೆಗೆಣ್ಣಿಯಿಂದ. ಅವರನ್ನು ನಾನು ಅಕ್ಕಾರೆಂದೇ ಕರೆಯುವುದು. ಭಾವನವರು ತೀರಿಕೊಂಡ ಮೇಲೆ ಹಳದಿ-ಕುಂಕುಮದ ದಿನ ಅವರು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಎಲ್ಲರೂ ತಿನ್ನುವ ಚೂಡಾ ಅವರ ಕೈಯದು, ಕುಡಿಯುವ ಚಹಾ ಅವರ ಕೈಯದು, ಪಡಸಾಲೆಯಲ್ಲಿ ಮಾತ್ರ ಅವರಿಗೆ ಜಾಗವಿಲ್ಲ. 2004ರ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಆಟ. ಎಲ್ಲರಿಗೂ ಚೀಟಿ ಬೇಕು, ಕೂಗಲು ಯಾರೂ ಒಲ್ಲರು. ಯಾರೋ, “ಒಳಗಿನ ಅಕ್ಕಾರನ್ನ ಕರೀರಿ, ಧ್ವನಿ ಚಲೋ ಐತಿ” ಎಂದರು. ಅವರು ಬಂದು ಬಾಗಿಲಿಗೆ ಒರಗಿ ಕುಳಿತು ಕೂಗಿದರು. ‘ಕೊಡದ ಮ್ಯಾಲ ಕೊಡ’ ಅವರದೇ ಹುಟ್ಟುವಳಿ.

ಮರುವರ್ಷ ಮತ್ತೆ ಕರೆದಾಗ ಅಕ್ಕಾರು ಚೀಲ ಮುಟ್ಟಲಿಲ್ಲ. ಹತ್ತರ ನೋಟು ಜಮಖಾನೆಯ ಮೇಲಿಟ್ಟು, “ಕೂಗೂದು ಸಾಕವಾ. ನನಗೂ ಒಂದು ಚೀಟಿ ಕೊಡ್ರಿ” ಎಂದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಕಾರಣವಿತ್ತು. ಆ ವರ್ಷ ಫುಲ್ ಹೌಸಿಗೆ ಹಣದ ಬದಲು ಗುಳೇದಗುಡ್ಡದ ಖಣ ಇಟ್ಟಿದ್ದೆವು. ಖಣವೆಂದರೆ ಮುತ್ತೈದೆಯ ಉಡಿಗೆ ಹೋಗುವ ವಸ್ತು. ಇವರಿಗೇ ಬಂದರೆ ಹೇಗೆ? ಎಲ್ಲರ ಮನಸ್ಸಿನಲ್ಲೂ ಅದೇ. ಚೀಟಿ ಕೊಟ್ಟೆವು.

ಫುಲ್ ಹೌಸ್ ಅವರಿಗೆ ಬರಲಿಲ್ಲ, ಎದುರುಮನೆಯ ಹುಡುಗಿಗೆ ಹೋಯಿತು. ಎಷ್ಟೋ ಜನ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಗ ಮೂಲೆಯಲ್ಲಿದ್ದ ಆಯಿ, ಎಂಬತ್ತು ದಾಟಿದವರು, ತಾವೂ ಗಂಡನನ್ನು ಕಳೆದುಕೊಂಡವರು, ಗಟ್ಟಿಯಾಗಿಯೇ ಕೇಳಿದರು: “ಆಕೀಗಿ ಬಂದಿದ್ರ ಕೊಡ್ತಿದ್ರೋ ಇಲ್ಲೋ? ಅದನ್ನ ಈಗ ಹೇಳ್ರಿ. ಮುಂದಿನ ವರ್ಷ ನಾನೂ ಚೀಟಿ ತಗೊಳ್ಳಾಕಿ.”

ಅಂದಿನ ಚರ್ಚೆ ಆಟಕ್ಕಿಂತ ಉದ್ದವಾಯಿತು. ಬಹುಮಾನ ಬದಲಿಸಿ ಸ್ಟೀಲ್ ಡಬ್ಬಿ ಇಡೋಣ ಎಂದರು ಕೆಲವರು. ಅದು ಸುಲಭದ ದಾರಿ. ಮಿಲಿಟರಿಯವರ ಹೆಂಡತಿ ಒಪ್ಪಲಿಲ್ಲ. “ಚೀಟಿ ನೋಡಿ ಬಹುಮಾನ ಕೊಡೂದು, ಹಣಿ ನೋಡಿ ಅಲ್ಲ” ಎಂದರು. ಇಬ್ಬರು ಎದ್ದು ಹೋದರು, ಅವರಲ್ಲಿ ಒಬ್ಬರು ಮುಂದೆ ಮರಳಿ ಬಂದರು. ಖಣ ಖಣವಾಗಿಯೇ ಉಳಿಯಿತು.

ಬ್ರಿಟನ್ನಿನಲ್ಲಿ 1960ರ ಕಾಯ್ದೆಯಿಂದ ಬಿಂಗೊಗೆ ಅನುಮತಿ ಸಿಕ್ಕಾಗ ಹಳೆಯ ಸಿನಿಮಾ ಥೇಟರುಗಳೇ ಬಿಂಗೊ ಹಾಲುಗಳಾದವು. ಅವನ್ನು ತುಂಬಿದವರಲ್ಲಿ ಹೆಂಗಸರೇ ಹೆಚ್ಚು. ಗಂಡ ಜೊತೆಗಿಲ್ಲದಿದ್ದರೂ ಸಂಜೆ ಹೊತ್ತು ಹೋಗಿ ಕುಳಿತುಕೊಳ್ಳಬಹುದಾದ ಜಾಗ ಅದಾಗಿತ್ತು. ಇದನ್ನು ಓದಿದಾಗ ನನಗೆ ಅದು ದೂರದೇಶದ ಸುದ್ದಿ ಅನ್ನಿಸಲಿಲ್ಲ. ಕಟ್ಟಳೆ ಬೇರೆ, ಅಂಕಿ ಎಷ್ಟೆಂಬುದು ಬೇರೆ. ಎಲ್ಲಿಯಾದರೂ ಹೆಂಗಸರಿಗೆ ಈ ಆಟ ಕೊಟ್ಟದ್ದು ಕುಳಿತುಕೊಳ್ಳಲು ಒಂದು ಜಾಗವನ್ನೇ.

ಅಕ್ಕಾರಿಗೆ ಖಣ ಬರಲು ಇನ್ನೂ ಮೂರು ಸಂಕ್ರಾಂತಿ ಹಿಡಿಯಿತು. ಅವರು ಅದನ್ನು ಪೆಟ್ಟಿಗೆಯಲ್ಲಿ ಮಡಿಸಿಡಲಿಲ್ಲ, ಎಂಟು ದಿನದಲ್ಲಿ ಹೊಲಿಸಿಕೊಂಡರು. ಕೂಗುವ ಕೆಲಸ ಈಗ ಸರದಿಯ ಮೇಲೆ ನಡೆಯುತ್ತದೆ. ನನ್ನ ಸರದಿ ಬಂದಾಗ ಮಾತ್ರ, ಧ್ವನಿ ಕೇಳಿಸುವುದಿಲ್ಲ ಎಂದು ಮೊದಲು ಗೊಣಗುವವರು ಅವರೇ.