ಗುರುವಾರದ ಅಮ್ಮ

ನಮ್ಮಪ್ಪ ವಾರಾನ್ನ ಉಂಡು ಓದಿದವರು. ಮಾಗಡಿ ಕಡೆಯ ಹಳ್ಳಿಯಿಂದ ಬಂದು ಬೆಂಗಳೂರಿನ ಬಸವನಗುಡಿಯಲ್ಲಿ ಓದಿಗೆ ನಿಂತ ಹುಡುಗನಿಗೆ ಊಟಕ್ಕೆ ದಿನಕ್ಕೊಂದರಂತೆ ವಾರಕ್ಕೆ ಏಳು ಮನೆ ಬೇಕಿತ್ತು; ಸಿಕ್ಕಿದ್ದು ಆರು. ಹಾಗಾಗಿ ಶನಿವಾರ ಹನುಮಂತರಾಯನ ಹೆಸರಿನಲ್ಲಿ ಉಪವಾಸ. ಆರೂ ಮನೆಯ ಯಜಮಾನರ ಹೆಸರು, ಹುದ್ದೆ, ಪೇಟದ ಅಂಚಿನ ಬಣ್ಣ ಕೂಡ ಅಪ್ಪನಿಗೆ ಕೊನೆಯವರೆಗೂ ನೆನಪಿತ್ತು. ಬಡಿಸಿದ ಹೆಂಗಸರ ಹೆಸರು ಮಾತ್ರ ಒಂದೂ ಗೊತ್ತಿರಲಿಲ್ಲ. ಸೋಮವಾರದ ಅಮ್ಮ, ಗುರುವಾರದ ಅಮ್ಮ, ಅಷ್ಟೆ. ಗುರುವಾರದ ಅಮ್ಮ ಹುಳಿಯ ತಳ ಕೆದಕಿ ಹೋಳನ್ನೆಲ್ಲ ಎತ್ತಿ ಬಡಿಸುತ್ತಿದ್ದರಂತೆ.

ಕಾದಂಬರಿಕಾರ ಎಸ್.ಎಲ್. ಭೈರಪ್ಪನವರೂ ವಾರಾನ್ನದ ಹುಡುಗರೇ, ಆತ್ಮಕಥೆ ‘ಭಿತ್ತಿ’ಯಲ್ಲಿ ಬರೆದುಕೊಂಡಿದ್ದಾರೆ. ವಾರಾನ್ನವನ್ನು ಹೊಗಳುವಾಗ ಒಂದು ಮಾತು ಮರೆಯಬಾರದು: ಅನ್ನಕ್ಕೆ ಮೊದಲು ಗೋತ್ರ ಕೇಳುತ್ತಿದ್ದರು. ಮಿಕ್ಕ ಹುಡುಗರಿಗೆ ಆ ಬಾಗಿಲು ತೆರೆಯಲಿಲ್ಲ. ಅವರವರ ಸಮುದಾಯದ ಸಂಘಗಳು ಹಾಸ್ಟೆಲು ಕಟ್ಟಬೇಕಾಯಿತು.

ನಿವೃತ್ತನಾದ ಮೇಲೆ ನಾನು ಸೇರಿಕೊಂಡ ಗುಂಪು ಗೋತ್ರ ಕೇಳುವುದಿಲ್ಲ. ಬಿಟಿಎಂ ಲೇಔಟಿನ ಪಿಜಿಗಳಲ್ಲಿರುವ ಸಾಫ್ಟ್‌ವೇರ್ ಹುಡುಗ ಹುಡುಗಿಯರು, ಬನಶಂಕರಿಯ ಇಬ್ಬರು ಗೃಹಿಣಿಯರು, ಸಂಬಳಕ್ಕಿರುವ ಒಬ್ಬ ವ್ಯಾನ್ ಡ್ರೈವರು. ಮದುವೆ ಮನೆಯಲ್ಲಿ ಮಿಕ್ಕಿದ್ದನ್ನು ಹಸಿದವರಿಗೆ ಮುಟ್ಟಿಸುವುದು ನಮ್ಮ ಕೆಲಸ. ಮಿಗುವುದೆಷ್ಟು ಅಂದಿರಾ? ಸುಮಾರು ಹದಿನೈದು ವರ್ಷದ ಹಿಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 75 ಕಲ್ಯಾಣ ಮಂಟಪಗಳನ್ನು ನೋಡಿ ಅಂದಾಜು ಮಾಡಿದ್ದರು: ಈ ಊರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಪೋಲು. ಅಮೆರಿಕದ ಫೀನಿಕ್ಸಿನಲ್ಲಿ 1967ರಲ್ಲಿ ಜಾನ್ ವಾನ್ ಹೆಂಗಲ್ ಮೊದಲ ಫುಡ್ ಬ್ಯಾಂಕ್ ತೆರೆದಾಗ ಅಂಗಡಿಯವರು ಬಿಸಾಡುವ ಸಾಮಾನನ್ನು ಕೂಡಿಡಬಹುದಿತ್ತು. ನಮ್ಮದು ಬೆಂದ ಅಡುಗೆ. ಕೂಡಿಡುವ ಮಾತೇ ಇಲ್ಲ, ಓಡಬೇಕು.

ಕಾಯಿ ಹಾಕಿದ ಪಲ್ಯ ಮೊದಲು ಕೈಕೊಡುತ್ತದೆ, ಆಮೇಲೆ ಕೂಟು, ಹುಳಿ. ಚಿತ್ರಾನ್ನ ತುಸು ತಡೆಯುತ್ತದೆ. ಮೊಸರನ್ನವನ್ನು ಏಪ್ರಿಲ್‌ನಲ್ಲಿ ನಂಬುವಂತಿಲ್ಲ. ಎಲೆಗೆ ಬಡಿಸಿದ್ದನ್ನು ಮುಟ್ಟುವುದೇ ಇಲ್ಲ. 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಿಕ್ಕ ಆಹಾರ ಹಂಚುವುದಕ್ಕೆಂದೇ ನಿಯಮ ಮಾಡಿದೆ. ಏನು, ಎಲ್ಲಿಂದ, ಯಾವಾಗ ಬೇಯಿಸಿದ್ದು ಎಂದು ನಮ್ಮ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಬರೆಯುವ ಮುಂಚೆ ಮುಚ್ಚಳ ತೆಗೆದು ಮೂಸುತ್ತಾಳೆ. ಹೆಣ್ಣಿನ ತಂದೆ ಜರಿಪಂಚೆ ಉಟ್ಟು ಎದುರಿಗೇ ನಿಂತಿರುವಾಗ, “ಅಂಕಲ್, ಹುಳಿ ಬೇಡ, ಅನ್ನ ಮಾತ್ರ ಕೊಡಿ” ಎನ್ನಲು ಗುಂಡಿಗೆ ಬೇಕು. ನನಗೆ ಅಷ್ಟು ಧೈರ್ಯವಿಲ್ಲ. ಆ ಹೊತ್ತಿಗೆ ವ್ಯಾನಿನ ಬಾಗಿಲು ತೆಗೆಯಲು ಹೋಗಿಬಿಡುತ್ತೇನೆ.

ಅಡುಗೆ ಭಟ್ಟರಿಗೆ ಬೇರೆಯೇ ಚಿಂತೆ. “ಪಾತ್ರೆ ತಂದಿದ್ದೀರಾ ಸ್ವಾಮಿ? ನಮ್ಮ ಡಬರಿ ಕೊಟ್ರೆ ಮುಂದಿನ ಮದುವೆಗೇ ವಾಪಸ್ ಬರೋದು!”

ಅಲ್ಲಿಂದ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳ ಕಡೆಗೆ. ರೋಗಿಯನ್ನು ಒಳಗೆ ಮಲಗಿಸಿ ಹೊರಗೆ ದಿನಗಟ್ಟಲೆ ಕಾಯುವ ರಾಯಚೂರು, ಕಲಬುರಗಿ ಕಡೆಯ ಜನ. ಸರ್ಕಾರದ ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದದ್ದೇ ಹತ್ತಿರದಲ್ಲಿ, ಜಯನಗರದ ಕನಕನಪಾಳ್ಯದಲ್ಲಿ. ಹತ್ತು ರೂಪಾಯಿಯ ಆ ಊಟ ಇವರಿಗೂ ಆಸರೆ. ಆದರೆ ಕ್ಯಾಂಟೀನು ಮುಚ್ಚಿದ ಮೇಲೂ ಹಸಿವು ಆಗುತ್ತದಲ್ಲ.

ಬಡಿಸುವ ಹೊತ್ತಿಗೆ ಜನಕ್ಕೆ ಬರವಿಲ್ಲ, ಹುಟ್ಟುಹಬ್ಬದ ದಿನ ಫೋಟೊ ತೆಗೆಸಿಕೊಳ್ಳಲೂ ಬರುತ್ತಾರೆ. ರಾತ್ರಿ ಹನ್ನೊಂದಕ್ಕೆ ಜಿಡ್ಡು ಹಿಡಿದ ಪಾತ್ರೆ ಉಜ್ಜುವಾಗ ಉಳಿಯುವವರು ಆ ಇಬ್ಬರು ಗೃಹಿಣಿಯರು ಮತ್ತು ಡ್ರೈವರು. ಇಂಥ ಸೇವೆ ಯಾವುದೇ ಇರಲಿ, ಅದನ್ನು ನಡೆಸುವುದು ದಾನಿಯಲ್ಲ, ಪಾತ್ರೆ ತೊಳೆಯುವವರು ಎಂಬುದು ನನ್ನ ತೀರ್ಮಾನ. ಗವಿಪುರದ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಡುವ ತಟ್ಟೆ ಬ್ಯಾಂಕ್ ನಡೆಸುತ್ತಾರೆ. ಅದೂ ಯಾರೋ ತೊಳೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಮ್ಮ ಮನೆಯಲ್ಲಿ ಮದುವೆಯಿದ್ದರೆ ಒಂದು ಉಪಕಾರ ಮಾಡಿ. ಕೊನೆಯ ಪಂಕ್ತಿ ಎದ್ದು, ಬೀಗರನ್ನು ಕಳಿಸಿ, ಛತ್ರದ ಲೆಕ್ಕ ತೀರಿಸಿದ ಮೇಲೆ ಫೋನ್ ಮಾಡಬೇಡಿ. ಕೊನೆಯ ಪಂಕ್ತಿ ಕೂರುವಾಗಲೇ ಮಾಡಿ, ಅಡುಗೆ ಯಾವಾಗ ಇಳಿಸಿದ್ದೆಂದು ಭಟ್ಟರನ್ನು ಕೇಳಿಟ್ಟುಕೊಳ್ಳಿ. ಪಾತ್ರೆ ನಾವೇ ತರುತ್ತೇವೆ.