ಬೇಡವಾದ ಪತ್ರ

ಅರುವತ್ತು ತುಂಬಿ ಪಾಠಶಾಲೆಯ ಗಂಟೆಯಿಂದ ಬಿಡುಗಡೆ ಹೊಂದಿದವನಿಗೆ ಹೊತ್ತು ಕಳೆಯುವುದೇ ಒಂದು ಉದ್ಯೋಗವಾಗುತ್ತದೆ. ಹೀಗಿರಲು, ಕಳೆದ ಬೇಸಗೆಯ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ನನ್ನ ತಂಗಿಯ ಮಗಳು, “ಮಾವ, ಯಾವಾಗ ನೋಡಿದರೂ ಆ ಶಾಕುಂತಲವನ್ನೇ ಓದುತ್ತೀರಲ್ಲ, ಒಂದು ಜಪಾನೀ ಕಥೆಯನ್ನು ನೋಡಿ” ಎಂದು ತನ್ನ ಕಂಪ್ಯೂಟರನ್ನು ನನ್ನ ಮುಂದೆ ತೆರೆದಿಟ್ಟಳು. ಪ್ರೌಢಶಾಲೆಯ ಹುಡುಗ ಹುಡುಗಿಯರ ಪ್ರೇಮದ ಹಾಸ್ಯಕಥೆಯೆಂದು ಕೇಳಿ ನಾನು ಮೂಗು ಮುರಿದೆನು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಅಂಥವರ ನಡುವೆಯೇ ಬಾಳಿದವನಿಗೆ ಅದರಲ್ಲಿ ಹೊಸತೇನಿದ್ದೀತು? ಆದರೆ ಮೊದಲನೆಯ ಭಾಗದಲ್ಲಿಯೇ ನನ್ನ ನಗೆಯು ನಿಂತುಹೋಯಿತು. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುವೆನು.

ಕಥೆಯ ಹೆಸರು ‘ಇತಾಜುರಾ ನಾ ಕಿಸ್’, ಎಂದರೆ ‘ತುಂಟತನದ ಮುತ್ತು’. ಕಾವೊರು ತಾದಾ ಎಂಬ ಲೇಖಕಿಯು 1990ರಿಂದ ಜಪಾನಿನ ಬಾಲಿಕೆಯರ ಮಾಸಪತ್ರಿಕೆಯೊಂದರಲ್ಲಿ ಇದನ್ನು ಚಿತ್ರಕಥೆಯಾಗಿ ರಚಿಸುತ್ತ ಬಂದರು. 1999ರಲ್ಲಿ ಅವರು ಅಕಾಲದಲ್ಲಿ ಮೃತರಾದುದರಿಂದ ಕಥೆಯು ಮುಗಿಯದೆ ಉಳಿಯಿತು. 2008ರಲ್ಲಿ ಬಂದ 25 ಭಾಗಗಳ ಚಿತ್ರಮಾಲೆಯು ಅದಕ್ಕೊಂದು ಮುಕ್ತಾಯವನ್ನು ಕೊಟ್ಟಿತು.

ಕಥಾವಸ್ತು ಸರಳವಾದುದು. ಆ ಪಾಠಶಾಲೆಯಲ್ಲಿ ಅಂಕಗಳಿಗೆ ಅನುಸಾರವಾಗಿ ತರಗತಿಗಳನ್ನು ಎ ಮೊದಲಾಗಿ ಎಫ್ ವರೆಗೆ ವಿಂಗಡಿಸಿದ್ದಾರೆ. ನಾವೊಕಿ ಇರಿಯೆ ಎಂಬ ಮೇಧಾವಿಯು ಎ ತರಗತಿಯಲ್ಲಿ ಅಗ್ರಗಣ್ಯನು. ಕೊತೊಕೊ ಐಹಾರಾ ಎಂಬ ಹುಡುಗಿಯು ಎಫ್ ತರಗತಿಯವಳು. ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದುದನ್ನು ಅವಳು ಒಂದು ಪತ್ರದಲ್ಲಿ ಬರೆದು, ನಡುಗುವ ಕೈಯಿಂದ ಅವನಿಗೆ ನೀಡುತ್ತಾಳೆ. “ಬೇಡ” ಎಂದಷ್ಟೇ ನುಡಿದು ಅವನು ನಡೆದುಬಿಡುತ್ತಾನೆ. ಶಾಲೆಯೆಲ್ಲ ನಗುತ್ತದೆ. ಅಷ್ಟು ಸಾಲದೆಂಬಂತೆ, ಅವಳ ತಂದೆಯು ಹೊಸದಾಗಿ ಕಟ್ಟಿಸಿದ ಮನೆಯು ಒಂದು ಸಣ್ಣ ಭೂಕಂಪಕ್ಕೇ ಕುಸಿದುಬೀಳುತ್ತದೆ. ತಂದೆಯ ಬಾಲ್ಯಮಿತ್ರನೊಬ್ಬನು ಇಬ್ಬರಿಗೂ ಆಶ್ರಯವೀಯುತ್ತಾನೆ. ಆ ಮನೆಯ ಬಾಗಿಲನ್ನು ತೆರೆದು ನೋಡಿದರೆ, ಅಲ್ಲಿ ನಿಂತಿರುವವನು ಪತ್ರವನ್ನು ಬೇಡವೆಂದ ಅದೇ ಹುಡುಗ!

ಶೃಂಗಾರದಿಂದ ಹಾಸ್ಯವು ಹುಟ್ಟುತ್ತದೆಂದು ಭರತಮುನಿಗಳು ಹೇಳಿದ್ದಾರೆ. ಇಲ್ಲಿ ಕ್ರಮವು ತಿರುಗುಮುರುಗು. ಮೊದಲು ಪರಿಹಾಸ, ಅದರ ಬೆನ್ನಿಗೆ ಕರುಣ, ಅನಂತರ ಬಹು ನಿಧಾನವಾಗಿ ಶೃಂಗಾರ. ಶಕುಂತಲೆಯೂ ತಾವರೆಯ ಎಲೆಯ ಮೇಲೆ ಉಗುರಿನಿಂದ ಪತ್ರ ಬರೆದವಳಲ್ಲವೆ? ಅವಳೂ ತುಂಬಿದ ಸಭೆಯಲ್ಲಿ ಪ್ರತ್ಯಾಖ್ಯಾನವನ್ನು ಅನುಭವಿಸಿದಳು. ಆದರೆ ದುಷ್ಯಂತನ ಮರವೆಗೆ ದೂರ್ವಾಸರ ಶಾಪವೆಂಬ ಕಾರಣವಿತ್ತು. ಅದನ್ನು ಹರಿಸಲು ಉಂಗುರವಿತ್ತು. ಈ ಜಪಾನೀ ಹುಡುಗನಿಗೆ ಯಾವ ಶಾಪವೂ ಇಲ್ಲ, ಇರುವುದು ಗರ್ವ ಮಾತ್ರ. ಅದಕ್ಕೆ ಉಂಗುರದ ಮದ್ದೂ ಇಲ್ಲ. ಒಂದೇ ಮನೆಯಲ್ಲಿ ಉಂಡು, ಜಗಳವಾಡಿ, ಒಬ್ಬರ ಜ್ವರವನ್ನೊಬ್ಬರು ಕಂಡು ಕಳೆದ ಸಾಮಾನ್ಯ ದಿನಗಳೇ ಮದ್ದು.

ಇನ್ನೊಂದು ವಿಶೇಷವನ್ನು ಗೃಹಿಣಿಯರಾದ ವಾಚಕರು ಗಮನಿಸಬೇಕು. ಆ ಮನೆಯಲ್ಲಿ ಕೊತೊಕೊವನ್ನು ಮೊದಲು ಪ್ರೀತಿಸಿದವನು ಹುಡುಗನಲ್ಲ, ಅವನ ತಾಯಿ. ಹೆಣ್ಣು ಮಗುವಿಗಾಗಿ ಹಂಬಲಿಸಿ, ಶೈಶವದಲ್ಲಿ ನಾವೊಕಿಗೇ ಹೆಣ್ಣುಮಗುವಿನ ಉಡುಪು ತೊಡಿಸಿ ಛಾಯಾಚಿತ್ರ ತೆಗೆಸಿದ್ದ ಮಹಾತಾಯಿ ಆಕೆ! ಆ ಚಿತ್ರವು ಕೊತೊಕೊವಿನ ಕೈಸೇರುತ್ತದೆ. ಅದನ್ನೇ ತೋರಿಸಿ ಹೆದರಿಸಿ ಅವಳು ಆ ಗರ್ವಿಷ್ಠನಿಂದ ಪಾಠ ಹೇಳಿಸಿಕೊಳ್ಳುತ್ತಾಳೆ. ರಾತ್ರಿಗಳು ಓದಿನಲ್ಲಿ ಕಳೆದು, ಎಫ್ ತರಗತಿಯ ಹುಡುಗಿಯ ಹೆಸರು ಶಾಲೆಯ ಮೊದಲ 100 ಜನರ ಪಟ್ಟಿಯಲ್ಲಿ ಕಾಣಿಸಿಕೊಂಡಾಗ, ಹಳೆಯ ಉಪಾಧ್ಯಾಯನಾದ ನಾನು ಕುರ್ಚಿಯಿಂದ ಅರ್ಧ ಎದ್ದೆನೆಂದು ಹೇಳಲು ನಾಚಿಕೆಪಡುವುದಿಲ್ಲ. ಮುಂದೆ ಅವನು ವೈದ್ಯನೂ ಅವಳು ದಾದಿಯೂ ಆಗುತ್ತಾರೆ, ಮದುವೆಯೂ ಆಗುತ್ತದೆ.

ಬೇಡವೆಂದವನ ಬೆನ್ನು ಬಿಡದಿರುವುದು ಯೋಗ್ಯವೆ? ಯೋಗ್ಯವಲ್ಲವೆಂದೇ ನನ್ನ ಅಭಿಪ್ರಾಯ. ಕಥೆಯಲ್ಲಿ ಮನೆ ಕುಸಿಯಿತು, ವಿಧಿಯು ಜತೆಗೂಡಿಸಿತು. ಲೋಕದಲ್ಲಿ ಒಬ್ಬರು ಬೇಡವೆಂದರೆ ಅದು ಬೇಡವೇ. ನಾನು ಹೀಗೆ ನುಡಿಯಲು ನನ್ನ ಸೋದರಸೊಸೆಯು, “ಅವನು ಬೇಡ ಅಂದದ್ದು ತಪ್ಪಲ್ಲ ಮಾವ, ಅಂದ ರೀತಿ ತಪ್ಪು” ಎಂದಳು. ಆಮೇಲೆ, 2010ರಲ್ಲಿ ಕೊರಿಯಾದವರು ಇದೇ ಕಥೆಯನ್ನು ನಟರಿಂದ ಆಡಿಸಿದರೆಂದೂ, ಅದರಲ್ಲಿ ಹುಡುಗನು ಪ್ರೇಮಪತ್ರವನ್ನು ಕೆಂಪು ಶಾಯಿಯಿಂದ ತಿದ್ದಿ, ಉತ್ತರಪತ್ರಿಕೆಗೆ ಹಾಕುವಂತೆ ದರ್ಜೆ ಹಾಕಿ ಹಿಂದಿರುಗಿಸುತ್ತಾನೆಂದೂ ಹೇಳಿ ನಕ್ಕಳು. ನಾನು ನಗಲಿಲ್ಲ.

ಏಕೆಂದರೆ ಆ ಕೆಂಪು ಶಾಯಿಯನ್ನು ನಾನೂ ಬಳಸಿದವನು. ಸುಮಾರು ಮೂವತ್ತು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬನ ಪ್ರಬಂಧದ ಪುಸ್ತಕದೊಳಗೆ ಒಂದು ಪತ್ರವು ಮರೆತು ಉಳಿದಿತ್ತು. ಯಾರಿಗೆಂದು ಬರೆದಿರಲಿಲ್ಲ. ಅದರಲ್ಲಿ ಆರು ತಪ್ಪುಗಳು, ಹೃದಯವು ‘ರುದಯ’ವಾಗಿತ್ತು. ನಾನು ಆರನ್ನೂ ತಿದ್ದಿ, ತುಂಬಿದ ತರಗತಿಯಲ್ಲಿ ಗಟ್ಟಿಯಾಗಿ ಓದಿ, ವ್ಯಾಕರಣದ ಪಾಠವಾಯಿತೆಂದು ಹೆಮ್ಮೆಪಟ್ಟೆನು. ಎಲ್ಲರ ಕಣ್ಣುಗಳೂ ಒಂದು ಬೆಂಚಿನ ಕಡೆಗೆ ತಿರುಗಿದುವು. ಅಲ್ಲೊಬ್ಬ ಹುಡುಗಿಯು ತಲೆ ತಗ್ಗಿಸಿದಳು. ಆ ವರ್ಷ ಅವನು ಮತ್ತೆ ಮೂರು ಸಾಲಿಗಿಂತ ಉದ್ದವಾದ ಪ್ರಬಂಧವನ್ನು ಬರೆಯಲಿಲ್ಲ.

ಅವನು ಈಗ ನಮ್ಮೂರಿನಲ್ಲಿಯೇ ಸೈಕಲ್ ಅಂಗಡಿಯನ್ನಿಟ್ಟಿದ್ದಾನೆ. ನಾಲ್ಕು ವರ್ಷಗಳ ಹಿಂದೆ ನನ್ನ ಹೆಂಡತಿಯು ಆಸ್ಪತ್ರೆಯಲ್ಲಿದ್ದಾಗ, ಹನ್ನೊಂದು ದಿನ ಬೆಳಗ್ಗೆ ಅವನ ಮನೆಯಿಂದ ಗಂಜಿ ಬಂದಿತು. ಯಾರೂ ಕೇಳಿರಲಿಲ್ಲ. ನಾನು ಉಂಡೆನು, ಆದರೆ ಆ ಪತ್ರದ ಮಾತನ್ನು ಎತ್ತುವ ಧೈರ್ಯ ಬರಲಿಲ್ಲ.

ಆ ಕಥೆಯನ್ನು ನೋಡಿದ ಮರುದಿನ ಅಂಗಡಿಗೆ ಹೋಗಿ, “ಅಂದು ನಾನು ಮಾಡಿದ್ದು ತಪ್ಪಪ್ಪಾ” ಎಂದೆನು. ಅವನು ಕೈಯ ಎಣ್ಣೆಯನ್ನು ಬಟ್ಟೆಗೆ ಒರಸಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದನು. “ಬಿಡಿ ಮೇಷ್ಟ್ರೇ. ಆ ಅಕ್ಷರ ಬರೆಯುವಾಗ ಮಾತ್ರ ಈಗಲೂ ಕೈ ಒಂದು ಸಲ ನಿಲ್ಲುತ್ತೆ” ಎಂದನು. ಅನಂತರ ಅಂಗಡಿಯ ಹುಡುಗನನ್ನು ಕರೆದು, ನನಗಾಗಿ ಒಂದು ಲೋಟ ಕಾಫಿಯನ್ನು ತರಲು ಹೇಳಿದನು.