ಅಪ್ಪನವರು ಹೇಳಿದ ಪೇಟೆ

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗಳು ನಡುಮನೆಯ ನೆಲದ ಮೇಲೆ ದೊಡ್ಡದೊಂದು ಹಾಳೆಯನ್ನು ಹರಡಿಕೊಂಡು ಊರು ಕಟ್ಟಲು ಕುಳಿತಳು. ಗೆಳತಿಯರೊಡನೆ ಆಡುವ ಯಾವುದೋ ಕಥೆಯಾಟಕ್ಕೆ ಬೇಕಾದ ಊರಂತೆ. ಯಾವ ಭೂಪಟದಲ್ಲಿಯೂ ಇಲ್ಲದ್ದು. ಸಮುದ್ರದಾಚೆ ಒಬ್ಬ ರಾಣಿ ಆಳುವಂಥದ್ದು. ಕೋಟೆಯೊಳಗೆ ಅಳತೆಪಟ್ಟಿಯಿಟ್ಟು ಹನ್ನೆರಡು ಚೌಕಗಳನ್ನು ಎಳೆದು, ಒಂದರಲ್ಲಿ ಕಮ್ಮಾರರು, ಇನ್ನೊಂದರಲ್ಲಿ ಬಣ್ಣಗಾರರು, ಮತ್ತೊಂದರಲ್ಲಿ ಗಾಜಿನ ದೀಪ ಮಾಡುವವರು ಎಂದು ಬರೆಯುತ್ತ ಹೋದಳು. ನಡುವೆ ತಲೆಯೆತ್ತಿ, “ಅಜ್ಜಿ, ಮಂತ್ರದ ಬೇರು ಮಾರುವವರನ್ನು ಅರಮನೆಯ ಹತ್ತಿರ ಇಡಲಾ, ಕೋಟೆ ಬಾಗಿಲ ಹತ್ತಿರ ಇಡಲಾ?” ಎಂದು ಕೇಳಿದಳು.

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಇಂತಹದೇ ಒಂದು ಊರನ್ನು ಅವಳ ವಯಸ್ಸಿನಲ್ಲಿ ನಾನೂ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ವ್ಯತ್ಯಾಸವೆಂದರೆ, ಆ ಊರು ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ ನಿಜವಾಗಿಯೂ ಇತ್ತು.

ನಮ್ಮ ಮನೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿತ್ತು. ತೀರ್ಥರೂಪರು ತರಗುಪೇಟೆಯ ಒಂದು ಧಾನ್ಯದ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಬೆಳಗಿನ ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಕೋಟು ತೊಟ್ಟು ನಡೆದೇ ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಪೇಟೆಗೆ ಕರೆದೊಯ್ಯುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಮಾತ್ರ ಕರಗದ ರಾತ್ರಿ ಅವರ ಹೆಗಲೇರಿ ಆ ಬೀದಿಗಳನ್ನು ಕಂಡಿದ್ದೆ. ಆದರೆ ಆ ಹೊತ್ತಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಕಂಡದ್ದು ಬರಿಯ ಬಾಗಿಲುಗಳು. ಉಳಿದಂತೆ ಪೇಟೆಯೆಂಬುದು ಸಂಜೆ ಅವರ ಕೋಟಿನೊಡನೆ ಮನೆಗೆ ಬರುತ್ತಿದ್ದ ಕೊತ್ತಂಬರಿ ಬೀಜದ, ಒಣಮೆಣಸಿನಕಾಯಿಯ, ಗೋಣಿಚೀಲದ ವಾಸನೆ.

ಊಟವಾದ ಮೇಲೆ ಅವರು ಹೇಳುತ್ತಿದ್ದರು. ಕೆಂಪೇಗೌಡರು 1537ರಲ್ಲಿ ಊರು ಕಟ್ಟುವಾಗ ನಡುವೆ ನಿಂತು ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿಸಿದರಂತೆ. ಎತ್ತುಗಳು ಎಳೆದ ಆ ಗೆರೆಗಳೇ ದೊಡ್ಡಪೇಟೆ, ಚಿಕ್ಕಪೇಟೆಗಳಾದವು ಎಂಬುದು ಪ್ರತೀತಿ. ದೊಡ್ಡಪೇಟೆಯನ್ನು ಈಗ ಅವೆನ್ಯೂ ರಸ್ತೆ ಎನ್ನುತ್ತಾರೆ. ಅಪ್ಪನವರು ಕೊನೆಯವರೆಗೂ ಹಾಗೆನ್ನಲಿಲ್ಲ. ಅವರ ಬಾಯಲ್ಲಿ ಅಕ್ಕಿಪೇಟೆಯೆಂದರೆ ಬೀದಿಯುದ್ದಕ್ಕೂ ಅಕ್ಕಿಯ ರಾಶಿ. ಅರಳೆಪೇಟೆಯಲ್ಲಿ ಗಾಳಿ ಬೀಸಿದರೆ ದಾರಿಹೋಕರ ಮೀಸೆಯೆಲ್ಲ ಬೆಳ್ಳಗಾಗುತ್ತಿತ್ತು. ಬಳೇಪೇಟೆಯಲ್ಲಿ ಕುರುಡನೂ ಸದ್ದು ಕೇಳಿಯೇ ದಾರಿ ಹಿಡಿಯಬಲ್ಲ. ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ - ಒಂದೊಂದು ಹೆಸರಿಗೂ ಒಂದೊಂದು ಬಣ್ಣ, ಒಂದೊಂದು ವಾಸನೆ. ಅದರಲ್ಲಿ ನಿಜವೆಷ್ಟು, ಮಗಳನ್ನು ಮಲಗಿಸಲು ಸೇರಿಸಿದ್ದೆಷ್ಟು ಎಂದು ಬೇರ್ಪಡಿಸುವ ಬುದ್ಧಿ ನನಗಾಗ ಎಲ್ಲಿತ್ತು?

“ಒಂದೇ ಸರಕಿನ ಇಪ್ಪತ್ತು ಅಂಗಡಿಗಳು ಸಾಲಾಗಿದ್ದರೆ ಒಬ್ಬರ ವ್ಯಾಪಾರ ಇನ್ನೊಬ್ಬರು ಕೆಡಿಸುವುದಿಲ್ಲವೇ?” ಎಂದು ಒಮ್ಮೆ ಕೇಳಿದ್ದೆ. ಅವರು ನಕ್ಕು, ಒಂಟಿ ಅಂಗಡಿಗೆ ಗಿರಾಕಿ ಹೆದರಿ ಹೋಗುತ್ತಾನೆ, ಇಪ್ಪತ್ತು ಅಂಗಡಿಗಳಿರುವಲ್ಲಿಗೆ ಧೈರ್ಯವಾಗಿ ಬರುತ್ತಾನೆ ಎಂದರು. ಒಬ್ಬನಲ್ಲಿ ಕಡಲೆ ಮುಗಿದರೆ ಪಕ್ಕದವನಿಂದ ನಾಲ್ಕು ಮೂಟೆ ತಂದು ಕೊಟ್ಟು, ಸಂಜೆ ಲೆಕ್ಕ ಹೊಂದಿಸಿಕೊಳ್ಳುವರಂತೆ. ದರ ಕುದುರಿಸುವಾಗ ವಲ್ಲಿಯ ಕೆಳಗೆ ಕೈ ಹಿಡಿದು ಬೆರಳುಗಳಲ್ಲಿಯೇ ಮಾತಾಡುವ ವಿದ್ಯೆಯನ್ನೂ ನನಗೆ ಕಲಿಸಿದ್ದರು. ಅಮ್ಮನ ಸೆರಗಿನ ಕೆಳಗೆ ಕೈಯಿಟ್ಟು ಅವರೊಡನೆ ನಾನು ಎಷ್ಟೋ ಖಂಡುಗ ರಾಗಿ ಕೊಂಡಿದ್ದೇನೆ!

1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಅದರ ಹಿಂದೆಯೇ ಸೇರು, ಪಲ್ಲಗಳು ಹೋಗಿ ಕಿಲೋಗ್ರಾಂ ಬಂತು. ಅಪ್ಪನವರು ಕಿರ್ದಿಯಲ್ಲಿ ಹೊಸ ಲೆಕ್ಕವನ್ನು ತಪ್ಪಿಲ್ಲದೆ ಬರೆಯುತ್ತಿದ್ದರು, ಆದರೆ ತುಟಿಯಲ್ಲಿ ಆಣೆಯನ್ನೇ ಎಣಿಸುತ್ತಿದ್ದರು.

1968ರಲ್ಲಿ ನನ್ನ ಮದುವೆಯಾಯಿತು. ಧಾರೆಗೆ ಚಿಕ್ಕಪೇಟೆಯಿಂದ ಅರಿಶಿನ ಬಣ್ಣದ ರೇಷ್ಮೆಸೀರೆ ಬಂತು. “ಸಾಹುಕಾರರು ಪ್ರೀತಿಯಿಂದ ಕೊಟ್ಟ ಉಡುಗೊರೆ” ಎಂದು ಅಪ್ಪನವರು ಬೀಗರೆದುರು ಹೇಳಿದರು. ನಾನು ದಾವಣಗೆರೆಗೆ ಹೋದೆ. ಏಳು ವರ್ಷಗಳ ಮೇಲೆ ಅವರು ಲಿಂಗೈಕ್ಯರಾದರು. ಅವರ ಪೆಟ್ಟಿಗೆಯನ್ನು ತೆಗೆದಾಗ ಕೆಂಪು ಬಟ್ಟೆಯ ರಟ್ಟಿನ ಒಂದು ಸಣ್ಣ ಪುಸ್ತಕ ಸಿಕ್ಕಿತು. ಮಂಡಿಯ ಲೆಕ್ಕವಲ್ಲ, ಅವರ ಸ್ವಂತದ್ದು. ಮೊದಲ ಪುಟಗಳಲ್ಲಿ ಉದ್ದರಿಯಾಗಿ ತಂದ ರಾಗಿ, ಬೇಳೆ. ನಡುವೆ ಒಂದು ಸಾಲು: “ಮಗಳ ಸೀರೆ, 140 ರೂ., ಸಾಹುಕಾರರ ಖಾತೆಯಿಂದ ಸಾಲ.” ಅದರ ಕೆಳಗೆ ಮದುವೆಯ ಉಳಿದ ಖರ್ಚುಗಳ ಸಾಲ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಸಂಬಳದಲ್ಲಿ ಮುರಿದುಕೊಂಡ ಹತ್ತು ರೂಪಾಯಿ. ಒಂದು ತಿಂಗಳೂ ತಪ್ಪಿಲ್ಲ. ಅಕ್ಷರ ಮುತ್ತಿನಂತಿತ್ತು.

ಸಾಹುಕಾರರನ್ನು ನಾನು ದೂರುವುದಿಲ್ಲ. ಕೇಳಿದಾಗ ಕೊಟ್ಟರು, ಕೊಟ್ಟದ್ದನ್ನು ಪಡೆದರು. ನನ್ನ ಸಂಕಟ ಬೇರೆಯದು. ಏಳು ವರ್ಷಗಳಲ್ಲಿ ತವರಿಗೆ ಬಂದಾಗಲೆಲ್ಲ ಆ ಸೀರೆಯನ್ನೇ ಉಟ್ಟು, ಸಾಹುಕಾರರ ಔದಾರ್ಯವನ್ನು ಅಪ್ಪನವರ ಮುಂದೆಯೇ ಕೊಂಡಾಡಿದ್ದೆ. ಅವರು ತಲೆಯಾಡಿಸುತ್ತಿದ್ದರು.

ಆಮೇಲೆ ಸೀರೆಗೆಂದು ಚಿಕ್ಕಪೇಟೆಗೆ ಎರಡು ಮೂರು ಬಾರಿ ಹೋಗಿದ್ದುಂಟು. ತರಗುಪೇಟೆಯತ್ತ ಕಾಲು ಹೋಗಲಿಲ್ಲ. 2017ರಲ್ಲಿ ನೆಲದಡಿಯ ಮೆಟ್ರೊ ತೆರೆದ ಮೇಲೆ ಮಗ ಒತ್ತಾಯ ಮಾಡಿ ಕರೆದುಕೊಂಡು ಹೋದ. ಬಳೇಪೇಟೆಯಲ್ಲಿ ವೀಣೆ, ಮೃದಂಗಗಳ ಅಂಗಡಿಗಳು! ಸದ್ದು ಕೇಳಿ ದಾರಿ ಹಿಡಿಯಬಹುದೆಂಬ ಮಾತು ಅಷ್ಟರಮಟ್ಟಿಗೆ ನಿಜ. ಅರಳೆಪೇಟೆಯಲ್ಲಿ ಯಾರ ಮೀಸೆಯೂ ಬೆಳ್ಳಗಾಗಿರಲಿಲ್ಲ. ತರಗುಪೇಟೆಯಲ್ಲಿ ನನ್ನ ಕಣ್ಣು ನಿಂತದ್ದು ಮಾತ್ರ ಅಪ್ಪನವರು ಒಮ್ಮೆಯೂ ಹೇಳದಿದ್ದ ಜನರ ಮೇಲೆ. ಬೆನ್ನು ಬಾಗಿಸಿ ಮೂಟೆ ಹೊತ್ತ ಹಮಾಲಿಗಳು, ತಳ್ಳುಗಾಡಿಗೆ ಎದೆಕೊಟ್ಟವರು, ಮಧ್ಯಾಹ್ನದ ಬಿಸಿಲಲ್ಲಿ ಮೂಟೆಗಳ ಮೇಲೆಯೇ ನಿದ್ದೆ ಹೋದವರು. ದಿನವೂ ಇವರ ನಡುವೆ ಕುಳಿತಿದ್ದವರ ಕಥೆಯಲ್ಲಿ ಇವರೇಕೆ ಬರಲಿಲ್ಲ? ಇವರನ್ನು ಹೇಳಲು ಹೊರಟಿದ್ದರೆ ತಮ್ಮನ್ನೂ ಹೇಳಬೇಕಾಗುತ್ತಿತ್ತೆಂದು ನನ್ನ ಊಹೆ. ಅವರಿಗೆ ಮೂಟೆ, ಇವರಿಗೆ ಆ ಕೆಂಪು ಪುಸ್ತಕ.

ಮೊಮ್ಮಗಳು ಇನ್ನೂ ಸೀಸದಕಡ್ಡಿ ಹಿಡಿದು ಕಾಯುತ್ತಿದ್ದಳು. “ಬೇರು ಮಾರುವವರನ್ನು ಎಲ್ಲಿ ಬೇಕಾದರೂ ಇಡು, ಮಗು,” ಎಂದೆ. “ಆದರೆ ಆ ಬೇರಿನ ಮೂಟೆಯನ್ನು ಹೊತ್ತು ತಂದವನು ರಾತ್ರಿ ಎಲ್ಲಿ ಮಲಗುತ್ತಾನೆ? ಮನೆಯಲ್ಲಿ ಮದುವೆಯಿಟ್ಟುಕೊಂಡವನು ಸಾಲ ಕೇಳಲು ಯಾವ ಬೀದಿಗೆ ಹೋಗಬೇಕು?”

ಅವಳು ಹುಬ್ಬುಗಂಟಿಕ್ಕಿದಳು. “ಅಜ್ಜಿ, ಇದು ನಾವೇ ಮಾಡಿಕೊಂಡಿರೋ ಊರು. ಇಲ್ಲಿ ಸಾಲ ಯಾಕೆ ಇರಬೇಕು?”

ಅಪ್ಪನವರೂ ಇದೇ ಮಾತನ್ನು ಹೇಳುತ್ತಿದ್ದರೇನೋ. ನಾನು ಸುಮ್ಮನಾದೆ.

ಮರುದಿನ ಬೆಳಿಗ್ಗೆ ನೋಡಿದರೆ ಚೌಕಗಳ ನಡುವಿನ ನೇರ ಗೆರೆಗಳನ್ನು ಅಳಿಸಿ, ಇಕ್ಕಟ್ಟಾದ ಓಣಿಗಳನ್ನು ಬಿಡಿಸಿದ್ದಳು. ಕೋಟೆಯ ಬಾಗಿಲ ಬಳಿ ಚುಕ್ಕಿ ಚುಕ್ಕಿಯಾಗಿ ಮಲಗಿದವರು. ಒಂದು ಓಣಿಯ ಕೊನೆಯಲ್ಲಿ, ಗಾಜಿನ ದೀಪದ ಕೆಳಗೆ, ಪುಸ್ತಕ ಬಿಚ್ಚಿಕೊಂಡು ಕುಳಿತ ಒಬ್ಬ ಮನುಷ್ಯ.

“ಇವರ ಪುಸ್ತಕದಲ್ಲಿ ಏನು ಬರೆಯಲಿ, ಅಜ್ಜಿ?” ಎಂದಳು.

ಪೆಟ್ಟಿಗೆಯಲ್ಲಿದ್ದ ಸೀರೆಯನ್ನು ತರಲು ನಾನು ಒಳಕ್ಕೆ ಹೋದೆ.